ಶಿವರಾತ್ರಿಯಿಂದ ಅಶ್ವಿನಿ ಮಳೆವರೆಗೆ ನಮ್ಮ ಮನೆ ಕೈತೋಟ

ಮೈಸೂರಿನಲ್ಲಿ ವಸಂತ ಗಿಡ ನೆಡುವ ಕಾಲ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯೂಟ್ಯೂಬಿನಲ್ಲಿ ಫಾರಿನ್‌ನವರು ಮಾರ್ಚ್ ಬಂತು, ಮಣ್ಣು ಅಗೆಯಿರಿ, ಬೀಜ ಹಾಕಿ ಅಂತಾರೆ. ಅದನ್ನು ನೋಡಿ ನಮ್ಮವರೂ ನರ್ಸರಿಗೆ ಓಡುತ್ತಾರೆ. ಅಲ್ಲಿ ಹಿಮ ಕರಗಿ ಮಣ್ಣು ಬೆಚ್ಚಗಾಗುವ ಹೊತ್ತು ಅದು. ನಮ್ಮಲ್ಲಿ ವಸಂತ ಬರುವುದು ಒಣಗಾಲದ ನಟ್ಟನಡುವೆ. ಮಳೆ ನಿಂತು ತಿಂಗಳುಗಳಾಗಿರುತ್ತವೆ. ಬಿಸಿಲು ಏರುತ್ತಿರುತ್ತದೆ. ನಲ್ಲಿ ನೀರು ಇವತ್ತು ಬಂದರೆ ನಾಳೆ ಇಲ್ಲ. ಆಗ ತಂದ ಪೆಟೂನಿಯ ಏಪ್ರಿಲ್ ಮುಖ ನೋಡುವುದು ಕಷ್ಟ.

ಹಾಗಾಗಿ ವಸಂತಕ್ಕೆ ಬೇಕಾದ ಕೆಲಸವನ್ನೆಲ್ಲ ಅದು ಬರುವ ಮುಂಚೆಯೇ ಮುಗಿಸಿಬಿಡುತ್ತೇನೆ. ಬಂದ ಮೇಲೆ ಹದವಾಗಿ ನೀರು ಕೊಡುವುದು, ಬುಡ ಮುಚ್ಚುವುದು, ಮಿಕ್ಕಂತೆ ಕುರ್ಚಿ ಹಾಕಿಕೊಂಡು ಸುಮ್ನೆ ನೋಡುವುದು. ಹೊಸ ಗಿಡ ಬೇಕಿದ್ದರೆ ಜೂನ್‌ವರೆಗೆ ಕಾಯುತ್ತೇನೆ.

ತೋಟ ಅಂದರೆ ಭಾರೀ ಏನಲ್ಲ. 40-60ರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗ. ಹಿತ್ತಲಲ್ಲಿ ಒಂದು ಕಸಿ ಮಾವು, ನಿಂಬೆ, ಕರಿಬೇವು. ಮುಂದುಗಡೆ ಮಲ್ಲಿಗೆ, ದಾಸವಾಳ, ಒಂದಷ್ಟು ಕುಂಡಗಳು. ಗೇಟಿನಾಚೆ ಹೊಂಗೆ ಮರ. ಅದು ಬೀದಿಯದು, ಆದರೂ ನಮ್ಮನೆ ಲೆಕ್ಕಕ್ಕೇ ಸೇರಿಸಿಕೊಂಡಿದ್ದೇನೆ.

ಮಲ್ಲಿಗೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಗುಂಡು ಮಲ್ಲಿಗೆ. ಮಾರ್ಚಿನಲ್ಲಿ ಹೂ ಬೇಕಾದರೆ ನವೆಂಬರ್ ಕೊನೆಗೇ ಕತ್ತರಿ ಹಿಡಿಯಬೇಕು. ಅದಕ್ಕೆ ಮುಂಚೆ ನೀರು ಕಡಿಮೆ ಮಾಡಿ ಗಿಡವನ್ನು ಸ್ವಲ್ಪ ಬಾಡಿಸುತ್ತೇನೆ. ಆಮೇಲೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಮೇಲಿನದನ್ನೆಲ್ಲ ಸವರುವುದು. ಒಣಗಿದ ಕಡ್ಡಿ, ರೋಗದ ಕಡ್ಡಿ, ಒಂದಕ್ಕೊಂದು ಉಜ್ಜಿಕೊಳ್ಳುವ ಕಡ್ಡಿ, ಯಾವುದೂ ಇರಬಾರದು. ಉಳಿದ ಎಲೆಯನ್ನೂ ಕೈಯಲ್ಲೇ ಕಿತ್ತು ಹಾಕುತ್ತೇನೆ. ನೋಡಿದವರು ಗಿಡ ಹೋಯ್ತಾ ಅಂತ ಕೇಳೇ ಕೇಳುತ್ತಾರೆ. ಬುಡ ಬಿಡಿಸಿ ಒಂದು ಬಾಂಡ್ಲಿ ಹಳೇ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಹಾಕಿ ಮತ್ತೆ ನೀರು ಶುರು ಮಾಡಿದರೆ ಆಯಿತು.

ಇಷ್ಟೆಲ್ಲ ಯಾಕೆ ಅಂದರೆ, ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಕಡ್ಡಿ ಎಷ್ಟು ಉದ್ದ ಬೆಳೆದಿದ್ದರೂ ಪ್ರಯೋಜನ ಇಲ್ಲ. ಚಿಗುರು ಜಾಸ್ತಿ ಒಡೆದಷ್ಟೂ ಮೊಗ್ಗು ಜಾಸ್ತಿ. ಅದಕ್ಕೇ ಒಂದು ಸುತ್ತು ಹೂ ಮುಗಿದ ಮೇಲೆ ಆ ತುದಿಗಳನ್ನು ಎರಡು ಜೊತೆ ಎಲೆ ಸಮೇತ ಚಿವುಟುತ್ತೇನೆ. ಪಕ್ಕದಿಂದ ಮತ್ತೆ ಚಿಗುರು ಬರುತ್ತದೆ.

ಮೊಗ್ಗು ಬಿಡಿಸುವುದು ಇಳಿಹೊತ್ತಿನಲ್ಲಿ. ದುಂಡಗೆ ತುಂಬಿಕೊಂಡು ಬೆಳ್ಳಗಾದ, ಇನ್ನೂ ಬಿರಿಯದ ಮೊಗ್ಗು ಮಾತ್ರ. ಹಸಿರು ಛಾಯೆ ಇದ್ದರೆ ನಾಳೆಗೆ ಬಿಡಿ. ಬಾಳೆನಾರಲ್ಲಿ ಕಟ್ಟಿಟ್ಟರೆ ಕತ್ತಲಾಗುತ್ತಾ ಬಿರಿಯುತ್ತವೆ. ಆಗ ಊಟದ ಕೋಣೆಯಲ್ಲಿ ಸಾರಿನ ಘಮವೂ ಸೋಲುತ್ತದೆ. ಬಿಡಿಸುವಾಗ ಒಂದು ಕಡೆ ಕಣ್ಣಿಡಬೇಕು: ಕೆಲವು ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ಬುಡದಲ್ಲಿ ಸೂಜಿಯಷ್ಟು ತೂತು ಇರುತ್ತದೆ. ಒಳಗೆ ಮೊಗ್ಗು ಕೊರಕ ಹುಳು ಕೂತಿರುತ್ತದೆ. ಅಂಥವನ್ನು ಗಿಡದ ಕೆಳಗೆ ಎಸೆಯದೆ ಕಿತ್ತು ದೂರ ಹಾಕುತ್ತೇನೆ. ನಾಲ್ಕು ಗಿಡಕ್ಕೆ ಔಷಧಿ ಯಾಕೆ? ಕೈ ಸಾಕು.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೊರಟುಹೋಗುತ್ತದೆ ಅಂತಾರಲ್ಲ, ಹೊಂಗೆ ಎಲೆ ಉದುರುವುದೂ ಹೆಚ್ಚು ಕಮ್ಮಿ ಅದೇ ಹೊತ್ತಿಗೆ. ಗುಡಿಸಿದ ಬೆನ್ನಿಗೇ ಮತ್ತೆ ಅಷ್ಟೇ ಬಿದ್ದಿರುತ್ತದೆ. ನಮ್ಮ ಬೀದಿಯಲ್ಲಿ ಬೆಳಗಾಗುವ ಮುಂಚೆ ಅದನ್ನು ರಾಶಿ ಹಾಕಿ ಬೆಂಕಿ ಇಡುವವರಿದ್ದಾರೆ. ಹೊಗೆಗೆ ಮಕ್ಕಳು, ಮುದುಕರು ಕೆಮ್ಮುತ್ತಾರೆ. ಇದೇ ಜನ ಆಮೇಲೆ ದುಡ್ಡು ಕೊಟ್ಟು ಗೊಬ್ಬರದ ಚೀಲ ತರುತ್ತಾರೆ! ಹಿಂದಿನಿಂದಲೂ ನಮ್ಮ ಕಡೆ ಗದ್ದೆಗೆ ಹೊಂಗೆ ಸೊಪ್ಪು ತುಳಿಸುತ್ತಿದ್ದರು. ಅಷ್ಟು ಒಳ್ಳೆ ಗೊಬ್ಬರ ಅದು. ನಾನಂತೂ ಅಕ್ಕಪಕ್ಕದವರು ಗುಡಿಸಿದ್ದನ್ನೂ ಕೇಳಿ ಚೀಲದಲ್ಲಿ ತುಂಬಿಕೊಳ್ಳುತ್ತೇನೆ. ಜೊತೆಗೆ ಮಂಡ್ಯ ಕಡೆಯ ನೆಂಟರ ಕಾರಿನಲ್ಲಿ ಒಂದೆರಡು ಮೂಟೆ ಕಬ್ಬಿನ ತರಗು ಬರುತ್ತದೆ. ಹೊಲದಲ್ಲಿ ಅದಕ್ಕೂ ಬೆಂಕಿ ಬೀಳುವುದೇ ಹೆಚ್ಚು.

ಎರಡನ್ನೂ ಸೇರಿಸಿ ಗಿಡದ ಸುತ್ತ ನಾಲ್ಕು ಬೆರಳು ದಪ್ಪ ಹರಡುತ್ತೇನೆ. ಕಾಂಡಕ್ಕೆ ತಾಗಿಸಬಾರದು, ಒಂದು ಗೇಣು ಬಿಡಬೇಕು. ಇಲ್ಲದಿದ್ದರೆ ತೇವ ನಿಂತು ತೊಗಟೆ ಕೊಳೆಯುತ್ತದೆ. ಹೊದಿಕೆ ಹಾಕಿದ ಕಡೆ ಮಧ್ಯಾಹ್ನದ ಬಿಸಿಲಿನಲ್ಲಿ ಬೆರಳು ತೂರಿಸಿ ನೋಡಿ, ಒಳಗೆ ಮಣ್ಣು ತಣ್ಣಗೆ ಹಸಿಯಾಗೇ ಇರುತ್ತದೆ. ಕುಂಡಗಳಿಗೂ ಇದೇ ಉಪಚಾರ. ನೀರು ಬೆಳಗಿನ ಜಾವ ಮಾತ್ರ, ಬುಡಕ್ಕೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲವೂ ದಾಸವಾಳಕ್ಕೆ.

ಎಲೆ ಬಿದ್ದ ಹೊಂಗೆ ಬೋಳಾಗಿ ಬಹಳ ದಿನ ಇರುವುದಿಲ್ಲ. ಒಂದು ಹನಿ ಮಳೆ ಇಲ್ಲದೆ, ಆ ಬಿಸಿಲಲ್ಲಿ, ಮರ ಪೂರ್ತಿ ಎಳೆ ಹಸಿರಾಗುತ್ತದೆ. ಬೇರು ಆಳಕ್ಕೆ ಹೋಗಿ ನೀರು ಹುಡುಕಿಕೊಂಡಿರುವುದರಿಂದ ಅದಕ್ಕೆ ನಮ್ಮ ನಲ್ಲಿಯ ಹಂಗಿಲ್ಲ. ಹೊಸ ಎಲೆಗೆ ಎಣ್ಣೆ ಹಚ್ಚಿದ ಹಾಗೆ ಹೊಳಪು. ಹೊಂಗೆ ನೆರಳು ತಾಯಿ ಮಡಿಲು ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ, ಆ ನೆರಳಿಗೆ ಕುರ್ಚಿ ಎಳೆದುಕೊಂಡರೆ ಗೊತ್ತಾಗುತ್ತದೆ. ಆಮೇಲೆ ತಿಳಿ ನೇರಳೆ ಹೂ. ಅದಕ್ಕೆ ಜೇನು ಮುತ್ತಿದಾಗ ಮರವೇ ಗುಂಯ್ ಅನ್ನುತ್ತದೆ.

ಮಾವು ಇದಕ್ಕಿಂತ ಮುಂಚೆಯೇ, ಜನವರಿ ಹೊತ್ತಿಗೇ ಹೂ ಬಿಟ್ಟಿರುತ್ತದೆ. ಹೂ ಬರುವ ಮುಂಚೆ ನೀರು ನಿಲ್ಲಿಸಿರುತ್ತೇನೆ, ಇಲ್ಲದಿದ್ದರೆ ಹೂವಿನ ಬದಲು ಚಿಗುರು ಬರುತ್ತದೆ. ಕಾಯಿ ಬಟಾಣಿ ಗಾತ್ರ ಆದ ಮೇಲೆ ಮತ್ತೆ ಶುರು. ಒಂದೊಂದು ಗೊಂಚಲಲ್ಲೂ ನೂರಾರು ಹೂ ಇರುತ್ತವೆ. ಬಹುಪಾಲು ಗಂಡು ಹೂಗಳು, ಉದುರುವುದಕ್ಕೇ ಬಂದವು. ಗೊಂಚಲಿಗೆ ಒಂದೋ ಎರಡೋ ಕಾಯಿ ನಿಂತರೆ ಅದೇ ಒಳ್ಳೆ ಫಸಲು. ಉದುರುವುದನ್ನು ನೋಡಿ ಗಾಬರಿಬಿದ್ದು ಅಂಗಡಿಯವರು ಹೇಳಿದ್ದನ್ನೆಲ್ಲ ಸಿಂಪಡಿಸಬೇಡಿ. ಮಾವಿನ ಹೂವಿಗೆ ಪರಾಗ ಮುಟ್ಟಿಸುವವರಲ್ಲಿ ನೊಣಗಳೇ ಮುಖ್ಯ, ಜೇನೂ ಇದೆ. ಅರಳಿದ ಹೂವಿಗೆ ಕೀಟನಾಶಕ ಹೊಡೆದರೆ ಸಾಯುವುದು ಅವೇ. ಜಿಗಿಹುಳು ಇದ್ದರೆ ಹೂ ಅರಳುವ ಮೊದಲೇ ಬೇವಿನೆಣ್ಣೆ ಸಿಂಪಡಿಸುತ್ತೇನೆ. ಎಲೆ ಅಂಟಂಟಾಗಿ ಮೇಲೆ ಕಪ್ಪು ಮಸಿ ಕೂತಿದ್ದರೆ ಜಿಗಿಹುಳು ಬಂದಿದೆ ಅಂತಲೇ ತಿಳಿಯಿರಿ.

ಕರಿಬೇವು ಚಳಿಗಾಲದಲ್ಲಿ ಎಲೆ ಹಳದಿಯಾಗಿ ಉದುರಿಸುತ್ತದೆ. ಸಾರಿಗೆ ಒಗ್ಗರಣೆ ಹಾಕುವಾಗ ಮನೆಯವರು ಬೈಯುವ ಕಾಲ ಅದು. ಬಿಸಿಲೇರಿದ ಕೂಡಲೇ ತುದಿ ಚಿವುಟಿ, ಹುಳಿ ಮಜ್ಜಿಗೆಗೆ ನೀರು ಬೆರೆಸಿ ಬುಡಕ್ಕೆ ಹಾಕುತ್ತೇನೆ. ಚಿಗುರು ಬಂದ ಹಿಂದೆಯೇ ಚಿಟ್ಟೆಯೂ ಬರುತ್ತದೆ. ಇದು ನನಗೆ ವಸಂತದ ದೊಡ್ಡ ಮೋಜು. ನಿಂಬೆ ಚಿಟ್ಟೆ ಎಳೆ ಎಲೆಯ ಮೇಲೆ ಒಂದೊಂದೇ ಮೊಟ್ಟೆ ಇಟ್ಟು ಹಾರುತ್ತದೆ. ಸಾಸಿವೆಗಿಂತ ಚಿಕ್ಕದು, ತಿಳಿ ಹಳದಿ. ಒಡೆದು ಬರುವ ಮರಿಹುಳು ಥೇಟ್ ಹಕ್ಕಿ ಪಿಷ್ಟೆ, ಕಂದು ಬಣ್ಣ, ನಡುವೆ ಬಿಳಿ ಪಟ್ಟೆ. ಹಕ್ಕಿಗಳು ಮೋಸ ಹೋಗುವುದಕ್ಕೇ ಆ ವೇಷ. ಬೆಳೆಯುತ್ತಾ ಹೋಗಿ ಕೊನೆಗೆ ಪೊರೆ ಕಳಚಿ ಎಲೆ ಹಸಿರಾಗಿಬಿಡುತ್ತದೆ. ಆಗ ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿ ನೋಡಿ. ತಲೆಯ ಹಿಂದಿನಿಂದ ಎರಡು ಮೆತ್ತನೆಯ ಕೊಂಬು ಸಟ್ಟನೆ ಹೊರಬರುತ್ತವೆ, ಜೊತೆಗೆ ಘಾಟು ವಾಸನೆ. ಎದುರುಮನೆ ಹುಡುಗ ಇದನ್ನು ನೋಡಲೆಂದೇ ಸ್ಕೂಲಿನಿಂದ ನೇರ ನಮ್ಮ ಹಿತ್ತಲಿಗೆ ಬರುತ್ತಾನೆ. ಕರಿಬೇವಿನ ಹುಳುಗಳನ್ನು ಎತ್ತಿ ನಿಂಬೆಗೆ ಬಿಡುತ್ತೇನೆ. ನಿಂಬೆ ದೊಡ್ಡದು, ಒಂದಷ್ಟು ಎಲೆ ಹೋದರೆ ಏನೂ ಆಗುವುದಿಲ್ಲ.

ಇನ್ನು ಯುಗಾದಿ. ಚಾಂದ್ರಮಾನವಾದ್ದರಿಂದ ಹಬ್ಬ ಹಿಂದೆ ಮುಂದೆ ಆಗುತ್ತಿರುತ್ತದೆ. 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೆ. ತಡವಾದ ವರ್ಷ ಬೇವಿನ ಹೂ ಬೊಗಸೆ ತುಂಬಾ ಸಿಗುತ್ತದೆ. ಬೇಗ ಬಂದ ವರ್ಷ ಕೆಲವು ಕೊಂಬೆಗಳಲ್ಲಿ ಬರೀ ಮೊಗ್ಗು. ಆಗ ದೇವರಾಜ ಮಾರ್ಕೆಟ್ಟಿನಲ್ಲಿ ಬೇವಿನ ಕಟ್ಟು ಆರಿಸುವಾಗ ಹೂ ಇರುವುದನ್ನೇ ಹುಡುಕಬೇಕು. ಬೇವು ಬೆಲ್ಲಕ್ಕೆ ಎಲೆಗಿಂತ ಹೂವೇ ರುಚಿ ಅಂತ ನನ್ನ ವಾದ.

ಏಪ್ರಿಲ್ ನಡುವಿಗೆ ಅಶ್ವಿನಿ ಮಳೆಯ ದಿನಗಳು. ಕೆಲವು ವರ್ಷ ಬರುತ್ತದೆ, ಕೆಲವು ವರ್ಷ ಗುಡುಗಿ ಹೋಗುತ್ತದೆ. ಬಂದರೆ ಗಾಳಿಗೆ ಒಂದಷ್ಟು ಮಾವಿನಕಾಯಿ ಬೀಳುತ್ತವೆ. ಅವು ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ. ಆ ಮಳೆಗೆ ಕಾದು ಕೂತಿರುವುದು ಮೆಟ್ಟಿಲ ಕೆಳಗಿನ ಖಾಲಿ ಕುಂಡಗಳು. ಖಾಲಿ ಅಂತ ಕಾಣುತ್ತವೆ ಅಷ್ಟೇ, ಒಳಗೆ ಮೇ ಫ್ಲವರ್ ಗಡ್ಡೆ ಇರುತ್ತದೆ. ಎಲೆಗಿಂತ ಮುಂಚೆ ಹೂವಿನ ದಂಟು ಮಣ್ಣು ಸೀಳಿಕೊಂಡು ಬಂದು, ತುದಿಯಲ್ಲಿ ಚೆಂಡಿನ ಗಾತ್ರದ ಕೆಂಪು ಹೂ ಬಿಡುತ್ತದೆ. ಮಳೆ ಕೈಕೊಟ್ಟರೆ ಏಪ್ರಿಲ್ ಕೊನೆಗೆ ನಾನೇ ನೀರು ಶುರು ಮಾಡುತ್ತೇನೆ. ಹೂ ಹೋದ ಮೇಲೆ ಬರುವ ಎಲೆಯನ್ನು ಕತ್ತರಿಸಬೇಡಿ, ಮುಂದಿನ ವರ್ಷದ ಹೂವಿಗೆ ಗಡ್ಡೆ ತುಂಬಿಸುವುದು ಅದೇ. ಚಳಿಗಾಲದಲ್ಲಿ ಎಲೆ ಒಣಗಿದಾಗ ನೀರು ನಿಲ್ಲಿಸಿ ಕುಂಡವನ್ನು ಮೂಲೆಗೆ ಇಡಿ. ಮೇಲೆ ಒಂದು ಕಡ್ಡಿ ಚುಚ್ಚಿ ಹೆಸರು ಬರೆದಿಡಿ, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಆ ಮಣ್ಣಿಗೆ ಕೊತ್ತಂಬರಿ ಬಿತ್ತಿರುತ್ತಾರೆ.