ಕುಂಟುವ ಕುದುರೆ: ನೋವು ಯಾವ ಕಾಲಿನದು?

ಕುದುರೆ ಕುಂಟತೊಡಗಿದಾಗ ಹಲವರು ಮಾಡುವ ತಪ್ಪೆಂದರೆ, ತಲೆ ತಗ್ಗಿಸಿ ಊರುವ ಕಾಲಿಗೇ ನೋವಿದೆಯೆಂದು ತಿಳಿಯುವುದು. ಮೈಸೂರಿನಲ್ಲಿ ಟಾಂಗಾ ಕುದುರೆಯೊಂದರ ಗಟ್ಟಿ ಕಾಲಿಗೆ ನಾಲ್ಕು ದಿನ ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿದ್ದನ್ನು ಕಂಡಿದ್ದೇನೆ. ಕೀವು ತುಂಬಿದ್ದು ಇನ್ನೊಂದು ಮುಂಗಾಲಿನ ಗೊರಸಿನಲ್ಲಿ.

ಮೊದಲು ಸಮನೆಲದಲ್ಲಿ ನಿಲ್ಲಿಸಿ ಊತ, ಗಾಯಗಳನ್ನು ನೋಡಿ. ಕಾಲನ್ನು ಊರಲೇ ಆಗದ ಕುದುರೆಯನ್ನು ಓಡಿಸಬಾರದು; ಮೂಳೆ ಮುರಿದಿರಬಹುದು, ಕೂಡಲೇ ಪಶುವೈದ್ಯರನ್ನು ಕರೆಸಬೇಕು. ಪರೀಕ್ಷೆಗೆ ಮುನ್ನ ನೋವಿನ ಚುಚ್ಚುಮದ್ದು ಕೊಡಿಸಿದರೆ ಕುಂಟು ಮರೆಯಾಗಿ, ನೋಡುವುದಕ್ಕೆ ಏನೂ ಉಳಿಯುವುದಿಲ್ಲ.

ಇನ್ನು ಮುಖ್ಯವಾದ ಹಂತ. ಗಟ್ಟಿಯಾದ, ಸಮತಟ್ಟಾದ ನೆಲದ ಮೇಲೆ ಕುದುರೆಯನ್ನು ಕುಕ್ಕುಲೋಟದಲ್ಲಿ ನೇರವಾಗಿ ಓಡಿಸಿ. ಈ ಓಟದಲ್ಲಿ ಒಂದು ಮುಂಗಾಲೂ ಅದಕ್ಕೆ ಎದುರು ಬದಿಯ ಹಿಂಗಾಲೂ ಜೊತೆಯಾಗಿ ಊರುವುದರಿಂದ ಲಯ ತಪ್ಪಿದ್ದು ಬೇಗ ಗೊತ್ತಾಗುತ್ತದೆ. ಹಗ್ಗ ಸಡಿಲವಾಗಿರಲೇಬೇಕು, ಬಿಗಿಹಿಡಿದರೆ ತಲೆಯ ಆಟ ಕಾಣಿಸದು. ಮುಂಗಾಲಿಗೆ ನೋವಿದ್ದರೆ, ಆ ಕಾಲು ನೆಲ ಮುಟ್ಟಿದಾಗ ಕುದುರೆ ಭಾರ ತಪ್ಪಿಸಲು ತಲೆಯನ್ನು ಮೇಲೆತ್ತುತ್ತದೆ. ಒಳ್ಳೆಯ ಕಾಲು ಊರಿದಾಗ ತಲೆ ತಗ್ಗುತ್ತದೆ. ಕಣ್ಣಿಗೆ ಅನುಮಾನವಾದರೆ ಕಿವಿಗೊಡಿ: ಒಳ್ಳೆಯ ಕಾಲಿನ ಲಾಳದ ಸದ್ದು ಜೋರಾಗಿರುತ್ತದೆ.

ಹಿಂಗಾಲನ್ನು ಹಿಂದೆ ನಿಂತು ನೋಡಬೇಕು. ಎರಡೂ ಸೊಂಟದ ಮೂಳೆಗಳ ಮೇಲೆ ಬಿಳಿ ಟೇಪಿನ ತುಂಡು ಅಂಟಿಸಿದರೆ, ಹೆಚ್ಚು ಏರಿಳಿಯುವ ಬದಿಯೇ ಸಾಮಾನ್ಯವಾಗಿ ನೋವಿನ ಬದಿ. ಇಲ್ಲೊಂದು ಮೋಸವಿದೆ: ಎಡ ಹಿಂಗಾಲು ಬಲವಾಗಿ ಕುಂಟುತ್ತಿದ್ದರೆ, ಅದು ಊರಿದಾಗ ಕುದುರೆ ತಲೆ ತಗ್ಗಿಸಿ ಭಾರವನ್ನು ಮುಂದಕ್ಕೆ ದಾಟಿಸುತ್ತದೆ, ಆಗಲೇ ಬಲ ಮುಂಗಾಲೂ ಊರುವುದರಿಂದ, ನೋವು ಎಡ ಮುಂಗಾಲಿನದೆಂದು ತೋರುತ್ತದೆ. ಆದ್ದರಿಂದ ತಲೆಯನ್ನಷ್ಟೇ ನೋಡಿ ತೀರ್ಮಾನಿಸಬೇಡಿ.

ಕಾಲು ಗೊತ್ತಾದ ಮೇಲೆ ಗೊರಸಿನಿಂದಲೇ ಆರಂಭಿಸಿ. ಮುಂಗಾಲಿನ ಕುಂಟಿಗೆ ಬಹುಪಾಲು ಕಾರಣ ಅಲ್ಲಿಯೇ ಇರುತ್ತದೆ. ಅಡಿಯನ್ನು ಸ್ವಚ್ಛಗೊಳಿಸಿ, ಅಂಗೈಯಿಂದ ಬಿಸಿಯನ್ನು ಇನ್ನೊಂದು ಗೊರಸಿನೊಂದಿಗೆ ಹೋಲಿಸಿ, ಗೊರಸಿನ ಮೇಲ್ಗಡೆಯ ಗಿಣ್ಣಿನ ಹಿಂಬದಿಯ ಇಕ್ಕೆಲಗಳಲ್ಲಿ ನಾಡಿ ಹಿಡಿಯಿರಿ. ಒಂದೇ ಕಾಲಿನಲ್ಲಿ ನಾಡಿ ಜೋರಾಗಿ ಬಡಿಯುತ್ತಿದ್ದರೆ ಒಳಗೆ ಕೀವಿರುವ ಸಂಭವ ಹೆಚ್ಚು. ಲಾಳ ಕಟ್ಟಿದ ಬೆನ್ನಲ್ಲೇ ಕುಂಟು ಬಂದಿದ್ದರೆ ಮೊಳೆಗಳನ್ನು ಒಂದೊಂದಾಗಿ ತಟ್ಟಿ ನೋಡಿ. ಕುದುರೆ ಕಾಲೆಳೆದುಕೊಂಡ ಮೊಳೆಯನ್ನು ಗುರುತಿಟ್ಟುಕೊಳ್ಳಿ. ಅಂಗಾಲಿಗೆ ಹೊರಗಿನ ಮೊಳೆ ಚುಚ್ಚಿಕೊಂಡಿದ್ದರೆ, ಅದು ಇನ್ನೂ ಆಳಕ್ಕಿಳಿಯದಂತೆ ಸುತ್ತ ದಪ್ಪವಾಗಿ ಪಟ್ಟಿ ಕಟ್ಟಿ, ಎಕ್ಸ್‌ರೇ ಆಗುವವರೆಗೆ ಕೀಳದಿರುವುದು ಒಳ್ಳೆಯದು. ಕುದುರೆಗೆ ಧನುರ್ವಾಯು ಬಹು ಸುಲಭವಾಗಿ ತಗಲುತ್ತದೆ; ಗಾಯ ಚಿಕ್ಕದೆಂದು ಅದರ ಚುಚ್ಚುಮದ್ದನ್ನು ತಪ್ಪಿಸಬೇಡಿ.