ಸುಸ್ತಿನ ಕಾಯಿಲೆ: ಎಡವುವುದು ಚೆನ್ನಾಗಿರುವ ದಿನವೇ

ಸಿಎಫ್‌ಎಸ್ (ಕ್ರಾನಿಕ್ ಫಟೀಗ್ ಸಿಂಡ್ರೋಮ್, ತಿಂಗಳುಗಟ್ಟಲೆ ಬಿಡದ ಸುಸ್ತಿನ ಕಾಯಿಲೆ) ಎಂದು ಗೊತ್ತಾದ ಕೂಡಲೇ ಎಲ್ಲರೂ ಒಪ್ಪಿಸುವುದು ಮನೋವೈದ್ಯೆ ಕ್ಯೂಬ್ಲರ್-ರಾಸ್ 1969ರಲ್ಲಿ ಹೇಳಿದ ಐದು ಹಂತಗಳನ್ನು: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. ಅವು ಸಾವಿನ ಹತ್ತಿರವಿದ್ದವರನ್ನು ಮಾತಾಡಿಸಿ ಕಂಡುಕೊಂಡವು. ನನಗೆ ಒದಗಿ ಬಂದದ್ದು ದೀರ್ಘಕಾಲದ ಕಾಯಿಲೆಯವರ ಜೊತೆ ಕೆಲಸ ಮಾಡಿದ ಪೆಟ್ರೀಷಿಯಾ ಫೆನೆಲ್ ಅವರ ನಾಲ್ಕು ಹಂತ: ಬಿಕ್ಕಟ್ಟು, ಒಂದು ಹದಕ್ಕೆ ಬರುವುದು, ಕಳೆದುಕೊಂಡದ್ದಕ್ಕೆ ಅರ್ಥ ಹುಡುಕುವುದು, ಕಾಯಿಲೆಯನ್ನು ಇಟ್ಟುಕೊಂಡೇ ಬದುಕುವುದು. ಮತ್ತೆ ಮೊದಲಿಗೆ ಜಾರುವುದೂ ಇದರ ಲೆಕ್ಕದಲ್ಲೇ ಇದೆ.

ಬಿಕ್ಕಟ್ಟಿನಲ್ಲಿ ಥೈರಾಯ್ಡ್, ರಕ್ತಹೀನತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇಂಥ ಬೇರೆ ತೊಂದರೆ ಇಲ್ಲವೆಂದು ಪರೀಕ್ಷೆ ಮಾಡಿಸಿದರೆ ಸಾಕು. ದೊಡ್ಡ ನಿರ್ಧಾರ ಬೇಡ.

ಮೋಸ ಹೋಗುವುದು ಎರಡನೆಯದರಲ್ಲಿ. ಒಂದು ದಿನ ಹಗುರಾಗಿ ಎದ್ದರೆ, ವಾಸಿಯಾಯಿತೆಂದು ಬಾಕಿ ಕೆಲಸವೆಲ್ಲ ಮಾಡಿ ಮುಗಿಸುತ್ತೇವೆ. ಪೆಟ್ಟು ಬೀಳುವುದು ಸಾಮಾನ್ಯವಾಗಿ 12ರಿಂದ 48 ಗಂಟೆ ಬಿಟ್ಟು. ಗುರುವಾರ ಏಳಲಾಗದಿದ್ದರೆ ಬುಧವಾರವನ್ನು ಬೈಯುತ್ತೇವೆ, ಕಾರಣ ಮಂಗಳವಾರದಲ್ಲಿರುತ್ತದೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಮಾಡಿದ ಕೆಲಸ ಮತ್ತು ನಿಮಿಷ, ಸುಸ್ತಿಗೆ 10ಕ್ಕೆ ಎಷ್ಟು, ಮನಸ್ಸು ಹೇಗಿತ್ತೆಂದು ಒಂದೇ ಪದ, ನಾಲ್ಕನೆಯದು ಖಾಲಿ, ಮೈ ಹೇಗಾಯಿತೆಂದು ತುಂಬುವುದು ಎರಡು ದಿನ ಕಳೆದ ಮೇಲೆ. ಫೋನಿನಲ್ಲಿ ಮಾತಾಡಿದ್ದು, ಜಗಳ, ಅತ್ತದ್ದು ಎಲ್ಲವೂ ಮೊದಲ ಕಾಲಮ್ಮಿಗೇ. ಮನಸ್ಸಿನ ಶ್ರಮಕ್ಕೂ ದೇಹ ಅದೇ ದಂಡ ಕಟ್ಟುತ್ತದೆ.

ಎರಡು ವಾರ ಬರೆದರೆ, ಕೆಟ್ಟ ದಿನವೂ ದಕ್ಕುವ ನಿಮಿಷಗಳು ಕಾಣುತ್ತವೆ. ಚೆನ್ನಾಗಿರುವ ದಿನಕ್ಕೂ ಅಷ್ಟೇ ನಿಮಿಷ. ಸ್ನಾನ ಸ್ಟೂಲಿನ ಮೇಲೆ ಕೂತು, ತಲೆಗೆ ನೀರು ಬೇರೆ ದಿನ. ಟೈಮರ್ ಬಡಿದರೆ ಅರ್ಧ ಮಡಿಸಿದ ಬಟ್ಟೆಯನ್ನೂ ಅಲ್ಲೇ ಬಿಡಬೇಕು. ಸುಸ್ತಾದ ಮೇಲೆ ನಿಲ್ಲಿಸುತ್ತೇನೆ ಅನ್ನುವವರು ಆಗಲೇ ಗೆರೆ ದಾಟಿರುತ್ತಾರೆ. ದಿನದಿನಕ್ಕೆ ವ್ಯಾಯಾಮ ಏರಿಸುತ್ತ ಹೋಗುವ ಚಿಕಿತ್ಸೆಯನ್ನು ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿತು. ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೀತಿ ಬದಲಿಸಲು ನೆರವಾಗುವ ಆಪ್ತಸಮಾಲೋಚನೆ, ಮನಸ್ಸಿಗೆ ಆಸರೆಯಾದೀತು, ಕಾಯಿಲೆಗೆ ಮದ್ದಲ್ಲ ಎಂದೂ ಅದೇ ಹೇಳಿತು.

ಮೂರನೇ ಕಾಲಂ ಇನ್ನೊಂದಕ್ಕೂ ಬೇಕು. ಈ ಕಾಯಿಲೆಯಲ್ಲಿ ಆಸೆ ಸಾಮಾನ್ಯವಾಗಿ ಉಳಿದಿರುತ್ತದೆ, ಮೈ ಏಳುವುದಿಲ್ಲ. ಆಸೆಯೇ ಬತ್ತಿ ಎರಡು ವಾರವಾದರೆ ಖಿನ್ನತೆ ಇರಬಹುದು, ವೈದ್ಯರಿಗೆ ಹೇಳಿ. ಸಾಯುವ ಯೋಚನೆ ಬಂದರೆ ಅವತ್ತೇ ಹೇಳಿ.

ಅರ್ಥ ಹುಡುಕುವ ಹಂತ ವರ್ಷಗಟ್ಟಲೆ ಎಳೆಯಬಹುದು. ದುಃಖವನ್ನು ಅವಸರಪಡಿಸಿ ಪ್ರಯೋಜನವಿಲ್ಲ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅಂದವರಿಗೆ ಒಂದೇ ಸಾಲು ಸಿದ್ಧವಿರಲಿ: "ಇವತ್ತು ಕೂತಿದ್ದಕ್ಕೆ ನಾಡಿದ್ದು ಮಲಗಿರ್ತೀನಿ."

ಮತ್ತೆ ಜಾರಿದರೆ ನಿಮಿಷಗಳನ್ನು ಅರ್ಧಕ್ಕಿಳಿಸಿ, ಹಿಂದಿನ ಮೂರು ದಿನದ ಪುಟ ತೆಗೆದು ಓದಿ.