ಕೆರೆ ಪಾರ್ಕಿನಲ್ಲಿ ಹಕ್ಕಿ ನೋಡಬೇಕಾ? ಮೊದಲು ಒಂದು ಕಡೆ ಕೂತುಕೊಳ್ಳಿ

ಕೆರೆ ಪಕ್ಕದ ಪಾರ್ಕಿಗೆ ಹೋದ ಕೂಡಲೇ ಎಲ್ಲರೂ ಒಂದು ಸುತ್ತು ಹಾಕಲು ಹೊರಡುತ್ತಾರೆ. ಹಕ್ಕಿ ನೋಡುವ ಆಸೆ ಇದ್ದರೆ ಆ ಸುತ್ತನ್ನು ಆಮೇಲೆ ಇಟ್ಟುಕೊಳ್ಳಿ. ನಡೆಯುವವರನ್ನು ಕಂಡರೆ ದಡದ ಹಕ್ಕಿಗಳು ಮುಂದೆ ಮುಂದೆ ಹಾರುತ್ತಲೇ ಇರುತ್ತವೆ. ಅಲುಗಾಡದೆ ಕೂತರೆ, ಹೆದರಿ ಮುಳುಗಿದ್ದ ಗುಳುಮುಳುಕ ಮತ್ತೆ ಮೇಲೆ ಬರುತ್ತದೆ, ಜೊಂಡಿನೊಳಗೆ ಸರಿದಿದ್ದ ನಾಮದ ಕೋಳಿ ಮೆಲ್ಲಗೆ ಹೊರಗೆ ಬರುತ್ತದೆ. ಸ್ವಲ್ಪ ಹೊತ್ತು ಸುಮ್ನೆ ಕೂರಬೇಕು, ಅಷ್ಟೇ.

ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ತುಂಬಾ ಒಳ್ಳೆಯ ಹೊತ್ತು. ಬೆಳಕು ನಿಮ್ಮ ಬೆನ್ನಿಗಿರಲಿ. ಅಂದರೆ ಬೆಳಿಗ್ಗೆ ಪೂರ್ವದ ದಡ, ಸಂಜೆ ಪಶ್ಚಿಮದ ದಡ. ಎದುರು ಬಿಸಿಲಿದ್ದರೆ ಎಷ್ಟು ಚಂದದ ಹಕ್ಕಿಯೂ ಬರೀ ಕಪ್ಪಗೆ ಕಾಣುತ್ತದೆ.

ಬೈನಾಕ್ಯುಲರ್ 8×42 ಇದ್ದರೆ ಸಾಕು. ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಅದಕ್ಕಿಂತ ಜಾಸ್ತಿ ಪಟ್ಟಿನದು ತಗೊಂಡರೆ ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ, ಹೊಸಬರಿಗೆ ಹಕ್ಕಿಯನ್ನು ಹುಡುಕಿ ಹಿಡಿಯುವುದೇ ಕಷ್ಟ. ಕನ್ನಡಕ ಹಾಕುವವರು ಕಣ್ಣಿಡುವ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಳ್ಳಿ. ಇನ್ನೊಂದು ಮುಖ್ಯ ವಿಷಯ, ಹಕ್ಕಿ ಕಂಡಾಗ ಬೈನಾಕ್ಯುಲರ್ ಕಡೆ ನೋಡಬೇಡಿ, ದೃಷ್ಟಿ ಹಕ್ಕಿಯ ಮೇಲೇ ಇರಲಿ, ಬೈನಾಕ್ಯುಲರನ್ನೇ ಕಣ್ಣಿಗೆ ತನ್ನಿ.

ಹೆಸರು ಗೊತ್ತಾಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಅದು ಏನು ಮಾಡುತ್ತಿದೆ ನೋಡಿ, ಅದೇ ನಿಜವಾದ ಖುಷಿ. ಬಾತುಗಳಲ್ಲಿ ಕೆಲವು ತಲೆ ಮಾತ್ರ ನೀರಿಗಿಳಿಸಿ ಬಾಲ ಮೇಲೆತ್ತಿ ಮೇಯುತ್ತವೆ, ಕೆಲವು ಪೂರ್ತಿ ಮುಳುಗಿ ಬೇರೆಲ್ಲೋ ಏಳುತ್ತವೆ. ನೀರುಕಾಗೆ ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ನಿಂತಿದ್ದರೆ ಒಣಗಿಸಿಕೊಳ್ಳುತ್ತಿದೆ ಅಂತ ಅರ್ಥ. ಅದರ ಗರಿ ಬಾತಿನ ಗರಿಗಿಂತ ಬೇಗ ನೆನೆಯುತ್ತದೆ, ನೀರಿನೊಳಗೆ ಮೀನು ಅಟ್ಟಿಸಿಕೊಂಡು ಹೋಗಲು ಅದೇ ಅನುಕೂಲ. ಮಿಂಚುಳ್ಳಿ ಹಾರಿಹೋಯಿತು ಅಂತ ಎದ್ದು ಬಿಡಬೇಡಿ. ಅದು ಬೇಟೆಗೆ ಕೂರುವ ಕೊಂಬೆಗೇ ಮತ್ತೆ ಮತ್ತೆ ಬರುತ್ತದೆ, ಮೀನು ಸಿಕ್ಕಿದ್ದರೆ ಕೊಂಬೆಗೆ ಬಡಿದು ಬಡಿದು ತಲೆಯ ಕಡೆಯಿಂದ ನುಂಗುತ್ತದೆ. ಅದನ್ನು ಒಮ್ಮೆ ನೋಡಿದರೆ ಸಾಕು, ಕಾದದ್ದೆಲ್ಲಾ ಮರೆತುಹೋಗುತ್ತದೆ.

ಬಿಸಿಲೇರಿದ ಮೇಲೆ ನಡಿಗೆ, ಸೈಕಲ್, ಬುತ್ತಿ, ಮಕ್ಕಳ ಓಟ ಎಲ್ಲಾ ಇಟ್ಟುಕೊಳ್ಳಿ. ಮಕ್ಕಳನ್ನು ಮೊದಲೇ ಬಾಯಿ ಮುಚ್ಚಿ ಕೂರಿಸಿದರೆ ಅವರು ಮತ್ತೆ ಬರುವುದಿಲ್ಲ, ಅಲ್ವಾ? ಅವರ ಕೈಗೂ ಸರದಿಯಂತೆ ಬೈನಾಕ್ಯುಲರ್ ಕೊಡಿ. ದೋಣಿ ಇದ್ದರೆ ಹೋಗಿ, ಆದರೆ ಹಕ್ಕಿ ಹಿಂಡಿನ ಮಧ್ಯೆ ನುಗ್ಗಿಸಬೇಡಿ.

ಬ್ರೆಡ್ ಹಾಕುವುದನ್ನು ದಯವಿಟ್ಟು ಬಿಡಿ. ಅದರಲ್ಲಿ ಬಾತುಗಳಿಗೆ ಬೇಕಾದ ಪೋಷಣೆ ಇಲ್ಲ, ಉಳಿದದ್ದು ಕೊಳೆತು ನೀರು ಕೆಡುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ, ತನ್ನ ಜಾಗಕ್ಕೆ ಇನ್ನೊಂದು ಬಂತೆಂದುಕೊಂಡು ಅದು ಮರಿ ಬಿಟ್ಟು ಜಗಳಕ್ಕೆ ಬರುತ್ತದೆ. ನೀವು ಹತ್ತಿರ ಹೋದಾಗ ಹಕ್ಕಿ ಮೇಯುವುದು ನಿಲ್ಲಿಸಿ ಕತ್ತೆತ್ತಿದರೆ ಅಲ್ಲಿಂದ ಹಿಂದಕ್ಕೆ ಬನ್ನಿ.

ಹೆಸರು ಹುಡುಕಲು ಮರ್ಲಿನ್ ಆ್ಯಪ್ ಇದೆ, ಕೂಗು ಕೇಳಿಸಿಕೊಂಡೂ ಹೇಳುತ್ತದೆ. ನೋಡಿದ್ದನ್ನು ಹಕ್ಕಿ ಪಟ್ಟಿ ಇಡುವ ಜಾಲತಾಣ ಇ-ಬರ್ಡ್‌ನಲ್ಲಿ ಬರೆದಿಡಿ. ಎರಡೂ ಉಚಿತ. ಆಮೇಲೆ ಕೆರೆಯ ನೀರು ಇಳಿದಾಗ ಅದೇ ಜಾಗಕ್ಕೆ ಮತ್ತೆ ಹೋಗಿ, ತೆರೆದ ಕೆಸರಿನಲ್ಲಿ ಹುಳ ಹೆಕ್ಕಲು ಬರುವ ಉದ್ದ ಕಾಲಿನ ಹಕ್ಕಿಗಳು ಕೆರೆ ತುಂಬಿದ್ದಾಗ ಅಲ್ಲಿ ಇರುವುದಿಲ್ಲ.